ಗಾಣದಜ್ಜ, ಬಾವಿಯಜ್ಜ

ಗಡಹಿಂಗ್ಲಜದ ಬಾಹುಬಲಿ ಪಾಟೀಲರು ತೀರಿಕೊಂಡ ಸುದ್ದಿ ಬಂದಾಗ ರತ್ನಮಾಲಾ ಇಚಲಕರಂಜಿಯ ತನ್ನ ಮನೆಯ ಅಂಗಳದಲ್ಲಿ ಕೂತು ಹಿತ್ತಾಳೆ ಕಲಶಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಅನಂತನ ನೋಂಪಿ ಹಿಡಿದು ಇದು ಹದಿನಾಲ್ಕನೆಯ ವರ್ಷ. ನಾಡಿದ್ದು ಚತುರ್ದಶಿಗೆ ಈ ಹದಿನಾಲ್ಕು ಕಲಶಗಳನ್ನು ಬಸದಿಯಲ್ಲಿಟ್ಟು ಉದ್ಯಾಪನೆ ಮಾಡಿದರೆ ವ್ರತ ಪೂರ್ತಿಯಾಗುತ್ತಿತ್ತು. ಪಕ್ಕದ ಶೆಡ್ಡಿನಲ್ಲಿ ಮಗನ ಮಗ್ಗಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು.

ಸುದ್ದಿ ಹೇಳಿದವನು ಮೊಮ್ಮಗ ಕೇತನ. ಕೊಲ್ಹಾಪುರದಲ್ಲಿ ನೌಕರಿ, ಹಬ್ಬಕ್ಕೆಂದು ಮನೆಗೆ ಬಂದಿದ್ದ. ಬಿಡುವಾದಾಗೆಲ್ಲ ಹಳೆಯ ದಫ್ತರ ಹುಡುಕಿ ಮನೆತನದ ವಂಶಾವಳಿ ಬರೆಯುವ ಹುಚ್ಚು ಅವನಿಗೆ.

"ಆಯಿ, ಅವರು ನಮ್ಮ ಭಾವಕಿ ಅದಾರ," ಎಂದ.

ರತ್ನಮಾಲಾಳ ಕೈ ನಿಂತಿತು. ಭಾವಕಿ ಎಂದರೆ ಒಂದೇ ಮೂಲದ ಮನೆಗಳು. ಒಂದರಲ್ಲಿ ಸಾವಾದರೆ ಎಲ್ಲಕ್ಕೂ ಸೂತಕ. ಸೂತಕದವರು ಬಸದಿಯ ಮೆಟ್ಟಿಲು ಹತ್ತುವಂತಿಲ್ಲ.

"ಯಾವ ಲೆಕ್ಕದಾಗ ಭಾವಕಿ?"

"ನಮ್ಮ ಮೂಲಪುರುಷ ಜಿನಗೊಂಡ ಭರಮಗೊಂಡ ಪಾಟೀಲ. ಅವರದೂ ಜಿನಗೊಂಡ ಭರಮಗೊಂಡ ಪಾಟೀಲ. ಊರೂ ಒಂದ. ಒಬ್ಬ ಮಗನಿಂದ ನಾವು, ಇನ್ನೊಬ್ಬನಿಂದ ಅವರು."

ಆ ಹೆಸರು ಕಿವಿಗೆ ಬಿದ್ದೊಡನೆ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಗಂಡನ ಮನೆಯ ಹಿರಿಯರ ಹೆಸರನ್ನು ಆಕೆ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ ಕಲಿಸಿದಂತೆ ಈ ಮೂಲಪುರುಷರನ್ನು 'ಗಾಣದಜ್ಜ' ಎನ್ನುತ್ತಿದ್ದಳು. ಅವರು ಕಬ್ಬಿನ ಗಾಣ ನಡೆಸಿದವರಂತೆ.

ಅಜ್ಜಿಯ ಮುಖ ನೋಡಿ ಕೇತನನಿಗೆ ಕಸಿವಿಸಿಯಾಯಿತು. "ನಾ ಹೇಳೇ ಇಲ್ಲ ಅನ್ಕೋ. ಯಾರಿಗಿ ಗೊತ್ತಾಕ್ಕೈತಿ?"

"ನನಗ ಗೊತ್ತಾತಲ್ಲ." ಆಕೆ ಕಲಶಗಳನ್ನು ಬೋರಲು ಹಾಕಿದಳು. "ಬರೋ ವರ್ಷ ಈ ಮೊಣಕಾಲು ಬಸ್ತಿ ಹತ್ತಿಸ್ತಾವೋ ಇಲ್ಲೋ. ಇರ್ಲಿ. ಭಾವಕಿ ಅಂದಮ್ಯಾಲ ಮಣ್ಣಿಗೆ ಹೋಗದಿದ್ರ ಹೆಂಗ? ಗಾಡಿ ತಗಿ."

ನಿಪ್ಪಾಣಿ ದಾಟಿ ಅವರು ತಲುಪುವಷ್ಟರಲ್ಲಿ ದಹನ ಮುಗಿಸಿ ಗಂಡಸರು ಸ್ನಾನಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಬಾಹುಬಲಿಯ ಅತ್ತಿಗೆ ಶಾಲನಕ್ಕ ಗೋಡೆಗೆ ಒರಗಿ ಕೂತಿದ್ದಳು. ತೊಂಬತ್ತರ ಹತ್ತಿರದ ಮುದುಕಿ.

"ಎಲ್ಲಿಯವರ್‍ಯವ್ವಾ?"

"ಇಚಲಕರಂಜಿ. ಗಾಣದಜ್ಜನ ಮನಿಯವರು. ನಿಮ್ಮ ಭಾವಕಿ ಅಂತ ಈಗ ತಿಳೀತ್ರಿ."

"ಭಾವಕಿ?" ಶಾಲನಕ್ಕ ಕಣ್ಣು ಕಿರಿದು ಮಾಡಿದಳು. "ಗಾಣದವರು ನಮಗ ಹೆಂಗ ಭಾವಕಿ ಆಗ್ತೀರಿ? ನಾವು ಬಾವಿಯಜ್ಜನವರು."

ಕೇತನ ಮುಂದೆ ಬಂದು ಫೋನಿನಲ್ಲಿದ್ದ ವಂಶಾವಳಿ ತೋರಿಸಿದ. "ಇಲ್ಲಿ ನೋಡ್ರಿ ಆಯಿ, ಜಿನಗೊಂಡ..."

ಇಬ್ಬರು ಮುದುಕಿಯರೂ ಒಟ್ಟಿಗೇ ಸೆರಗು ಎಳೆದುಕೊಂಡರು. ಮೂಲೆಯಲ್ಲಿ ಅಳುತ್ತಿದ್ದ ಹೆಂಗಸೊಬ್ಬಳು ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡಳು.

"ಹೆಸರ ತಗೀಬ್ಯಾಡೋ ತಮ್ಮಾ," ಎಂದಳು ಶಾಲನಕ್ಕ. "ನಿಮ್ಮ ಗಾಣದಜ್ಜಂದೂ ಅದ ಹೆಸರು, ನಮ್ಮ ಬಾವಿಯಜ್ಜಂದೂ ಅದ. ಅವರ ಅಪ್ಪಂದಿರ ಹೆಸರೂ ಒಂದ. ಆಗ ಓಣಿಗೊಬ್ಬ ಭರಮಗೊಂಡ ಇದ್ದ. ಗಂಡಸರು ಹೆಸರ ಹಿಡಿದು ಕರದ್ರು, ಬರಕೊಂಡ್ರು, ಕಲಸಿ ಇಟ್ರು. ನಾವು ಸೊಸೆದೇರು ಹೆಸರ ಹೇಳಂಗಿಲ್ಲ. ಅದಕ್ಕ ಒಬ್ಬಾಂವ ಗಾಣದಜ್ಜ ಆದ, ಒಬ್ಬಾಂವ ಬಾವಿಯಜ್ಜ ಆದ."

ಕೇತನ ಅಷ್ಟಕ್ಕೇ ಬಿಡುವವನಲ್ಲ. "ಒಬ್ಬ ಮನುಷ್ಯಾನ ಗಾಣಾನೂ ನಡಿಸಿ ಬಾವೀನೂ ತೋಡಿಸಿರಬಹುದಲ್ರಿ? ಎರಡ ಅಡ್ಡಹೆಸರು ಇರಬಾರ್ದೇನು?"

"ಭಾಳ ಶಾಣ್ಯಾ ಅದಿ." ಶಾಲನಕ್ಕ ಕಾಲು ಚಾಚಿದಳು. "ಬಾವಿಯಜ್ಜ ಸತ್ತಾಗ ನಮ್ಮತ್ತಿ ಹೊಸಾ ಸೊಸಿ. ಸೂತಕ ಕಳಿಯೂತನಕಾ ಈ ಮನ್ಯಾಗ ಒಲಿ ಹಚ್ಚಲಿಲ್ಲ. ಬುತ್ತಿ ಯಾರ ಮನೀಂದ ಬಂತು? ಗಾಣದಜ್ಜನ ಮನೀಂದ. ಗಾಣದಜ್ಜ ತಾನ ಬುಟ್ಟಿ ಹೊತ್ಕೊಂಡ ಬಂದು, ಉಣ್ಣ ಮಗಳ ಅಂತ ಆಕಿ ಮುಂದ ಇಟ್ಟಿದ್ದನಂತ. ಸಾಯೂತನಕಾ ಹೇಳಾಕಿ. ಅವನ ಮಕ್ಕಳು ಊರ ಬಿಟ್ಟು ಮಗ್ಗಕ್ಕ ಹೋಗಿದ್ದು ಆಮ್ಯಾಲ. ಸತ್ತಾಂವ ಬುತ್ತಿ ತರ್ತಾನೇನೋ? ಮತ್ತ ಭಾವಕಿಯವರ ಅಡಿಗಿ ಸಾವಿನ ಮನಿಗಿ ನಡೀತೈತೇನು? ಅವರಿಗೂ ಸೂತಕನ ಇರ್ತೈತಲ್ಲ."

ಕೇತನ ಫೋನು ನೋಡುತ್ತ, "ಇಬ್ಬರ ಅದಾರ," ಎಂದ. ಅವನಿಗೂ ಎದೆಯ ಭಾರ ಇಳಿದಂತಿತ್ತು. ಎರಡು ಮನೆಗಳನ್ನು ಕೂಡಿಸಿದ್ದ ಗೆರೆಯನ್ನು ಅಲ್ಲೇ ಅಳಿಸಿದ.

ರತ್ನಮಾಲಾಳ ಕಣ್ಣು ತುಂಬಿ ಬಂದವು. ಸಾವಿನ ಮನೆಯಾದ್ದರಿಂದ ಯಾರೂ ಯಾಕೆಂದು ಕೇಳಲಿಲ್ಲ. ಶಾಲನಕ್ಕ ಮಾತ್ರ ಆಕೆಯ ಕೈ ಹಿಡಿದು ಮೆಲ್ಲಗೆ ಕೇಳಿದಳು: "ನೋಂಪಿ ಇತ್ತೇನ ತಂಗಿ?"

"ನಾಡಿದ್ದ ಉದ್ಯಾಪನಿರಿ."

"ಹೋಗು, ಮಾಡು. ತಲಿಮ್ಯಾಲ ನೀರು ಹಾಕ್ಕೊಂಡು ಬಸ್ತಿಗಿ ಹೋಗು. ನಿನಗ ಯಾವ ಸೂತಕಾನೂ ಇಲ್ಲ."

ಚತುರ್ದಶಿಯ ದಿನ ಕೇತನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ಹದಿನಾಲ್ಕು ಕಲಶಗಳೂ ಬಸದಿ ಸೇರಿದವು. ಮರುದಿನ ಎಲ್ಲರಿಗಿಂತ ಮೊದಲೇ ಎದ್ದ ರತ್ನಮಾಲಾ ಜೋಳದ ರೊಟ್ಟಿ ಬಡಿದು, ಬೇಳೆಪಲ್ಲೆ ಮಾಡಿ ಬುಟ್ಟಿಗೆ ತುಂಬಿದಳು.

"ಮತ್ತ ಎಲ್ಲಿಗಿ ಆಯಿ?" ಕೇತನ ಆಕಳಿಸುತ್ತ ಕೇಳಿದ.

"ಗಡಹಿಂಗ್ಲಜಕ್ಕ. ಅವರ ಭಾವಕಿ ಮನಿಗಳಿಗೆಲ್ಲ ಸೂತಕ. ನಮಗೇನು ಧಾಡಿ?"

ಪಡಸಾಲೆಯಲ್ಲಿ ಬುಟ್ಟಿ ಇಳಿಸಿ ಮೇಲಿನ ಬಟ್ಟೆ ಸರಿಸಿದಾಗ ರೊಟ್ಟಿ ಇನ್ನೂ ಮೆತ್ತಗಿದ್ದವು. ಶಾಲನಕ್ಕ ಒಂದನ್ನು ಮುರಿದುಕೊಂಡು, ಬಾಗಿಲಲ್ಲಿ ನಿಂತಿದ್ದ ಸೊಸೆಯನ್ನು ಕೂಗಿದಳು.

"ಬಾರವ್ವಾ, ಉಣ್ಣು ಬಾ. ಗಾಣದವರ ಬುತ್ತಿ ಬಂದೈತಿ."