ಕನ್ನಡಿಯಲ್ಲಿ ಸರಿಯಾಗಿದ್ದ ರಸ್ತೆ

೧

ಈ ಕಥೆಯನ್ನು ಪರದೆಯ ಮುಂದಿನಿಂದ ಶುರು ಮಾಡಬೇಕೋ ಹಿಂದಿನಿಂದಲೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಮುಂದಿನಿಂದಾದರೆ ನಿಮಗೊಂದು ಆಟ ಕಾಣುತ್ತದೆ: ರಸ್ತೆ, ಎರಡೂ ಬದಿಗೆ ಮರ, ಓಡುವ ಕಾರು, ದೂರದಲ್ಲಿ ಎಷ್ಟು ಹೊತ್ತಾದರೂ ಮುಳುಗದ ಸೂರ್ಯ. ಹಿಂದಿನಿಂದಾದರೆ ಧೂಳು, ವೈರು, ಗಾಜಿನ ದಪ್ಪ ಪಿಕ್ಚರ್ ಟ್ಯೂಬಿನ ಕತ್ತು, ಅದರ ಪಕ್ಕ ಬೆವರುತ್ತ ಕೂತ ಒಬ್ಬ ಮನುಷ್ಯ. ಮನುಷ್ಯನಿರುವ ಕಡೆಯಿಂದಲೇ ಶುರು ಮಾಡೋಣ. ನಿಮಗೆ ಬೇಸರವಾದರೆ ಮುಂದೆ ಹೋಗಿ ಆಟ ಆಡಿ, ನಾನೇನೂ ಅಂದುಕೊಳ್ಳುವುದಿಲ್ಲ.

ಅವನು ಹಳೇ ವಿಡಿಯೋ ಗೇಮ್ ಪೆಟ್ಟಿಗೆಗಳ ಮಾನಿಟರ್ ರಿಪೇರಿ ಮಾಡುವವನು. ಊರೆಲ್ಲ ಅವನನ್ನು ಅಣ್ಣ ಎನ್ನುತ್ತದೆ. ಅವನ ತಂಗಿ ಹಾಗೆ ಕರೆಯುತ್ತಿದ್ದಳು, ಅಂಗಡಿಗೆ ಬಂದವರ ಬಾಯಿಗೂ ಅದೇ ಹತ್ತಿತು. ತಂಗಿ ಈಗ ಅಂಗಡಿಯಲ್ಲಿಲ್ಲ. ಕಥೆ ಇರುವುದು ಇಷ್ಟೇ: ಅವಳು ವಾಪಸ್ಸು ಬರುತ್ತಾಳೋ ಇಲ್ಲವೋ. (ವಿಷಯವನ್ನು ಬಚ್ಚಿಟ್ಟು ಕೊನೆಗೆ ಹೇಳುವ ಲೇಖಕರ ಮೇಲೆ ನನಗೆ ಗೌರವವಿದೆ. ಅವರಷ್ಟು ತಾಳ್ಮೆ ಇಲ್ಲ.)

೨

ಅವರ ಕೆಲಸದ ರೀತಿ ಹೀಗಿತ್ತು. ತಿರುಗಿಸುವ ಗುಂಡಿಗಳೆಲ್ಲ ಮಾನಿಟರ್ ಹಿಂದೆ, ಚಿತ್ರ ಮುಂದೆ. ಹಿಂದೆ ಕೂತವನಿಗೆ ತಾನೇನು ಮಾಡುತ್ತಿದ್ದೇನೆಂದು ಕಾಣುವುದಿಲ್ಲ. ಆದ್ದರಿಂದ ಅಣ್ಣ ಹಿಂದೆ, ತಂಗಿ ಮುಂದೆ. "ಇನ್ನೂ ಸ್ವಲ್ಪ, ಇನ್ನೂ, ಸಾಕು ಸಾಕು, ಜಾಸ್ತಿ ಆಯ್ತು" ಎಂದು ಅವಳು ಹೇಳುವುದು, ಇವನು ತಿರುಗಿಸುವುದು. ಅವರಿಬ್ಬರ ದಾಂಪತ್ಯ ಚೆನ್ನಾಗಿದೆ ಎಂದು ಹೊಸ ಗಿರಾಕಿಯೊಬ್ಬ ಹೊಗಳಿ, ಇಬ್ಬರಿಂದಲೂ ಬೈಸಿಕೊಂಡು ಹೋಗಿದ್ದ.

ಒಂದು ದಿನ ತಂಗಿ, "ಇವತ್ತು ನಾನು ಹಿಂದೆ ಕೂತ್ಕೋತೀನಿ, ನೀನು ಮುಂದೆ ನಿಂತ್ಕೋ" ಎಂದಳು. ಕೇಳಿದ್ದು ಅದೇ ಮೊದಲಲ್ಲ. ಬೆಸುಗೆ ಹಾಕುವುದು ಅವಳಿಗೆ ಬರುತ್ತಿತ್ತು, ಹಿಂದಿನ ಕರೆಂಟು ಎಷ್ಟು ಅಪಾಯವೆಂಬುದೂ ಗೊತ್ತಿತ್ತು. ಅಣ್ಣ, "ಬೇಡ, ನಿನ್ನ ಕೈ ನಡುಗುತ್ತೆ" ಎಂದುಬಿಟ್ಟ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅಣ್ಣ ಮುಖ ನೋಡುವ ಕನ್ನಡಿಯನ್ನು ಮನೆಯಿಂದ ತಂದು, ಮಾನಿಟರ್ ಮುಂದೆ ಕುರ್ಚಿಯ ಮೇಲೆ ಒರಗಿಸಿಟ್ಟ. ಈಗ ಹಿಂದಿನಿಂದ ಇಣುಕಿದರೆ ಚಿತ್ರ ಕಾಣುತ್ತದೆ. ಕನ್ನಡಿ ಎದುರುತ್ತರ ಕೊಡುವುದಿಲ್ಲ ಎಂದು ಪಕ್ಕದ ಟೈಲರ್ ಹತ್ತಿರ ಹೇಳಿಕೊಂಡು ತಿರುಗಿದ.

೩

(ಈ ಭಾಗವನ್ನು ಹೊಡೆದುಹಾಕಿದ್ದೇನೆ. ಇಲ್ಲಿ ಒಂದು ಬೆಂಕಿ ಅನಾಹುತವಿತ್ತು, ತಂಗಿ ಹೊಗೆಯೊಳಗೆ ಓಡಿಬರುತ್ತಿದ್ದಳು. ಬರೆದು ನನಗೇ ಕಣ್ಣು ತುಂಬಿತ್ತು. ಅಣ್ಣ ಓದಿ, "ಫ್ಯೂಸ್ ಅಂತ ಒಂದು ಇರುತ್ತೆ ಸ್ವಾಮಿ, ಕೇಳಿದೀರಾ?" ಎಂದ.)

೪

ಬೆಂಕಿಯ ಬದಲು ವಿಡಿಯೋ ಗೇಮ್ ಆಡಿಸುವ ಅಂಗಡಿಯ ಒಡತಿ ಬಂದಳು. ಅವಳ ಕಾರ್ ರೇಸಿನ ಪೆಟ್ಟಿಗೆ ಅಣ್ಣನ ಹತ್ತಿರ ರಿಪೇರಿಗೆ ಬಂದಿತ್ತು. ಚಿತ್ರವೆಲ್ಲ ಕುಗ್ಗಿ ಪರದೆಯ ನಡುವೆ ನೆಟ್ಟಗೆ ನಿಂತ ಒಂದು ಗೆರೆಯಾಗಿತ್ತು. ಅಣ್ಣನಿಗೆ ಕಾರಣ ಹುಡುಕಲು ಕಷ್ಟವಾಗಲಿಲ್ಲ. ಟ್ಯೂಬಿನ ಕತ್ತಿಗೆ ಸುತ್ತಿದ, ಚಿತ್ರವನ್ನು ಎಡಬಲಕ್ಕೆ ಹರಡುವ ತಂತಿಯ ಸುರುಳಿಗೆ ಹೋಗುವ ಪ್ಲಗ್ಗು ಸುಟ್ಟು ಕರಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದು ಎರಡು ವೈರನ್ನು ನೇರವಾಗಿ ಬೆಸೆದ. ಯಾವ ವೈರು ಯಾವ ಕಡೆ ಎಂದು ಅನುಮಾನ ಬಂದು, ಕನ್ನಡಿಯಲ್ಲಿ ನೋಡಿದ. ಪರದೆಯ ಅಕ್ಷರಗಳು ತಿರುಗುಮುರುಗಾಗಿ ಕಂಡವು. ವೈರು ಅದಲು ಬದಲು ಮಾಡಿದ. ಕನ್ನಡಿಯಲ್ಲಿ ಅಕ್ಷರ ಸರಿಯಾಯಿತು. ಬಣ್ಣದ ಗುಂಡಿಗಳನ್ನೂ ಅಂದಾಜಿನ ಮೇಲೆ ಒಂದಿಷ್ಟು ತಿರುಗಿಸಿ, ತೃಪ್ತಿಯಿಂದ ಮೇಲೆದ್ದ.

(ನೀವು ಆಗಲೇ ನಗುತ್ತಿದ್ದೀರಿ. ಅವನಿಗಿನ್ನೂ ಗೊತ್ತಿಲ್ಲ, ಸದ್ದು ಮಾಡಬೇಡಿ.)

ಒಡತಿ ಕೂತು ಸ್ಟೀರಿಂಗ್ ಹಿಡಿದಳು. ಎಡಕ್ಕೆ ತಿರುಗಿಸಿದರೆ ಕಾರು ಬಲಕ್ಕೆ ಹೋಗಿ ಮರಕ್ಕೆ ಗುದ್ದಿತು. ಬಲಕ್ಕೆ ತಿರುಗಿಸಿದರೆ ಎಡಕ್ಕೆ ಹೋಗಿ ಇನ್ನೊಂದು ಮರಕ್ಕೆ ಗುದ್ದಿತು.

"ಇದಕ್ಕೆ ನಮ್ಮ ಯಜಮಾನ್ರ ಬುದ್ಧಿ ಬಂದಿದೆ ಅಣ್ಣ. ಹೇಳಿದ್ದೊಂದು, ಮಾಡೋದೊಂದು."

ಅಣ್ಣನ ಮುಖ ಸಣ್ಣದಾಯಿತು. ತಾನು ಕನ್ನಡಿಗೆ ಸರಿಹೊಂದಿಸಿದ್ದೇನೆ, ಮನುಷ್ಯರಿಗಲ್ಲ ಎಂದು ತಕ್ಷಣ ಹೊಳೆಯಿತು. ಆದರೆ ಅವಳ ಮುಂದಿನ ಮಾತನ್ನು ಅವನು ನಿರೀಕ್ಷಿಸಿರಲಿಲ್ಲ.

"ಅಲ್ಲ, ಸೂರ್ಯ ಯಾಕೆ ಹಸಿರಾಗಿದಾನೆ?"

"ಹಳೇ ಗೇಮು. ಹಾಗೇ ಇರುತ್ತೆ" ಎಂದ ಅಣ್ಣ.

"ನಾನು ಚಿಕ್ಕವಳಿದ್ದಾಗಿಂದ ಆಡ್ತಿದೀನಿ. ಹಳದಿ ಇದ್ದ. ನಿಮ್ಮ ತಂಗಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಸರಿ, ಸಂಜೆ ಬರ್ತೀನಿ."

೫

ಇಲ್ಲಿ ಒಂದು ವಿಷಯ ಹೇಳಲೇಬೇಕು. ಅಣ್ಣನಿಗೆ ಕೆಂಪು ಮತ್ತು ಹಸಿರು ಬೇರೆ ಬೇರೆಯಾಗಿ ಕಾಣುವುದಿಲ್ಲ.

"ಅದನ್ನ ಯಾಕೆ ಬರೆದ್ರಿ?" ಎಂದ ಅಣ್ಣ, ನನ್ನ ಕಡೆ ತಿರುಗಿ.

"ಓದುಗರಿಗೆ ತಿಳಿಯಬೇಕಲ್ಲ."

"ನಮ್ಮಮ್ಮಂಗೆ ಗೊತ್ತಿಲ್ಲ. ತಂಗಿಗೆ ಗೊತ್ತಿಲ್ಲ. ಗುರುತು ಪರಿಚಯ ಇಲ್ಲದೋರಿಗೆ ತಿಳೀಬೇಕಾ? ಅಳಿಸಿ."

ಅಳಿಸಿದೆ. ಅದಿಲ್ಲದೆ ಕಥೆ ತನ್ನ ಕಾಲ ಮೇಲೆ ನಿಲ್ಲಲಿಲ್ಲ, ಮತ್ತೆ ಬರೆದೆ. ಈ ಕಸುಬಿಗೆ ಇಳಿದ ಮೇಲೆ ಅವನು ಅದನ್ನು ಹೇಗೆಲ್ಲ ಮುಚ್ಚಿಟ್ಟಿದ್ದ ನೋಡಿ. ರೆಸಿಸ್ಟರಿನ ಅಳತೆ ಹೇಳುವ ಬಣ್ಣದ ಪಟ್ಟಿ ಓದಲಾರದೆ ಪ್ರತಿಯೊಂದನ್ನೂ ಮೀಟರ್ ಹಿಡಿದು ಅಳೆಯುತ್ತಿದ್ದ, ಜನ ಅದನ್ನು ಶ್ರದ್ಧೆ ಎಂದುಕೊಂಡರು. ಹಸಿರು ವೈರಿನ ತುದಿಗೆಲ್ಲ ಗಂಟು ಹಾಕಿಡುತ್ತಿದ್ದ, ಜನ ಅದನ್ನು ಶಿಸ್ತು ಎಂದರು. ಕಾರ್ ರೇಸಿನ ಪೆಟ್ಟಿಗೆಯ ಗಂಟು ಪ್ಲಗ್ಗಿನ ಜೊತೆ ಸುಟ್ಟುಹೋಗಿದ್ದಕ್ಕೇ ಅವನಿಗೆ ವೈರಿನ ಅನುಮಾನ ಬಂದದ್ದು. ಪರದೆಯ ಮುಂದೆ ನಿಂತು ಬಣ್ಣ ಹೇಳುವುದೊಂದು ಮಾತ್ರ ಅವನಿಂದ ಸಾಧ್ಯವಿರಲಿಲ್ಲ. ಅದಕ್ಕೇ ಅವನು ಎಂದೂ ಮುಂದೆ ನಿಲ್ಲಲಿಲ್ಲ. ಅದಕ್ಕೇ ಅವನ ಬಾಯಲ್ಲಿ ತಂಗಿಯ ಕೈ ನಡುಗಿತು.

"ತಪ್ಪು ನಂದೇ ಅಂತ ಬರೀತಿದೀರಿ" ಎಂದ.

"ಹೌದು."

"ಬರೀರಿ ಹಾಗಾದ್ರೆ" ಎಂದು ಕುರ್ಚಿಯ ಮೇಲಿದ್ದ ಕನ್ನಡಿಯನ್ನು ಗೋಡೆ ಕಡೆ ತಿರುಗಿಸಿಟ್ಟ.

೬

ಅವನು ತಂಗಿಗೆ ಫೋನ್ ಮಾಡಿದ. ಇಂಥ ಕಡೆ ನಾನು ಒಂದು ಒಳ್ಳೆಯ ಸಂಭಾಷಣೆ ಸಿದ್ಧ ಮಾಡಿಟ್ಟುಕೊಂಡಿದ್ದೆ, ಕ್ಷಮೆ, ಬಾಲ್ಯದ ನೆನಪು, ಎಲ್ಲ ಇತ್ತು. ಅವನು ಆಡಿದ್ದು ಇದು:

"ಆ ಉದ್ದದ ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಎಲ್ಲಿಟ್ಟಿದೀಯ?"

"ನಿನ್ನ ಕೈಯಲ್ಲಿ ಇರ್ಬೇಕು ನೋಡು."

ಕೈಯಲ್ಲೇ ಇತ್ತು.

"ಸಿಕ್ತು" ಎಂದ. ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ. ಆ ಕಡೆ ಯಾರೋ ಗಿರಾಕಿ ಕನ್ನಡಕ ಬಿಗಿಯಾಯಿತೆಂದು ದೂರುತ್ತಿದ್ದ.

"ಊಟಕ್ಕೆ ಬಿಡ್ತಾರೆ, ಬಂದು ನೋಡಿ ಹೋಗ್ತೀನಿ" ಎಂದಳು ತಂಗಿ.

೭

ಬಂದಳು. ಕೂರಲಿಲ್ಲ. ನಿಂತೇ ಸ್ಟೀರಿಂಗ್ ತಿರುಗಿಸಿದಳು, ಕಾರು ಮರಕ್ಕೆ ಹೋಯಿತು. ತಿಂಗಳುಗಟ್ಟಲೆ ಬಿಗಿದುಕೊಂಡಿದ್ದ ಮುಖ ಸಡಿಲವಾಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕನ್ನಡೀಲಿ ನೋಡ್ಕೊಂಡು ವೈರ್ ಹಾಕಿದೀಯ ತಾನೆ?" ಅಣ್ಣನಿಗೆ ಅವಮಾನಕ್ಕಿಂತ ಸಂತೋಷವೇ ಹೆಚ್ಚಾಯಿತು. ಪವರ್ ತೆಗೆದು ವೈರು ಬದಲಿಸಿದ. ರಸ್ತೆ ಸರಿಹೋಯಿತು.

ಆಗ ಅವಳು ಕೇಳಿದಳು: "ಸೂರ್ಯ ಹಸಿರಾಗಿದೆ. ಕಾಣಿಸ್ಲಿಲ್ವಾ ನಿನಗೆ?"

ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಹಲವು ದಾರಿಗಳಿವೆ.

ಅಂತ್ಯ ಒಂದು: "ಗಮನ ಕೊಡ್ಲಿಲ್ಲ" ಎನ್ನುತ್ತಾನೆ ಅಣ್ಣ. ಅವಳು ಮುಂದೆ ನಿಲ್ಲುತ್ತಾಳೆ, ಅವನು ಹಿಂದೆ ಕೂರುತ್ತಾನೆ, ಸೂರ್ಯ ಹಳದಿಯಾಗುತ್ತಾನೆ. ಎಲ್ಲ ಮೊದಲಿನಂತೆ. ಇದು ಅಂದವಾಗಿದೆ, ಆದರೆ ಮೊದಲಿನಂತೆ ಇದ್ದದ್ದಕ್ಕೇ ಅವಳು ಹೋದದ್ದು. ಇನ್ನೊಂದು ಸಲ ಹೋಗುತ್ತಾಳೆ.

ಅಂತ್ಯ ಎರಡು: ಅವಳು ತನ್ನ ಅಂಗಡಿಯಿಂದ ಬಣ್ಣ ಕಾಣಿಸುವ ಕನ್ನಡಕ ತಂದು ಅವನಿಗೆ ಹಾಕುತ್ತಾಳೆ, ಅವನು ಮೊದಲ ಬಾರಿಗೆ ಕೆಂಪು ನೋಡಿ ಅಳುತ್ತಾನೆ. "ಅಂಥದ್ದೆಲ್ಲ ನಮ್ಮ ಅಂಗಡೀಲಿ ಇಡಲ್ಲ" ಎಂದಳು ತಂಗಿ, ನನ್ನನ್ನು ನೋಡದೆಯೇ.

ಮೂರನೆಯದನ್ನು ನಾನು ಬರೆಯುವ ಮೊದಲೇ ಅಣ್ಣ ಬಾಯಿಬಿಟ್ಟ.

"ಕಾಣಲ್ಲ. ಕೆಂಪು, ಹಸಿರು ಎರಡೂ ನನಗೆ ಒಂದೇ ಥರ. ಚಿಕ್ಕಂದಿನಿಂದ್ಲೂ."

ತಂಗಿ ಗಂಟು ಹಾಕಿದ ವೈರುಗಳನ್ನು ನೋಡಿದಳು. ಮೇಜಿನ ಮೇಲಿನ ಮೀಟರನ್ನು ನೋಡಿದಳು.

"ಮತ್ತೆ ನನ್ನ ಕೈ ನಡುಗುತ್ತೆ ಅಂದಿದ್ದು?"

"ಸುಳ್ಳು."

"ನಾನು ಮನೇಲಿ ಒಬ್ಬಳೇ ಕೈ ಚಾಚಿ ನೋಡ್ಕೋತಿದ್ದೆ, ಗೊತ್ತಾ? ಸಣ್ಣ ಸ್ಕ್ರೂ ಹಿಡಿಯೋವಾಗ್ಲೆಲ್ಲ ನೋಡ್ತಿದ್ದೆ. ನನಗೆ ಏನೋ ರೋಗ ಇರಬೇಕು ಅಂತ."

ಅಣ್ಣ ಇಷ್ಟು ಕಾಲ ತನ್ನ ಗುಟ್ಟನ್ನು ತಾನೊಬ್ಬನೇ ಹೊತ್ತಿದ್ದೇನೆಂದು ತಿಳಿದಿದ್ದ. ಭಾರವೆಲ್ಲ ಅವಳ ಕೈಗೆ ಹೋಗಿತ್ತು. ಅವನಿಗೆ ಬಹಳ ದುಃಖವಾಯಿತು, ಅದನ್ನು ಬೇರೆ ರೀತಿ ಹೇಳಲು ನನಗೆ ತಿಳಿಯದು.

"ನಿನ್ನ ಕೈ ಯಾವತ್ತೂ ನಡುಗಿಲ್ಲ" ಎಂದ.

ಅವಳು ಮೂಗೊರೆಸಿಕೊಂಡು ಕೈ ಚಾಚಿದಳು. ಅಣ್ಣ ಸ್ಕ್ರೂಡ್ರೈವರ್ ಕೊಟ್ಟ.

೯

(ಎಂಟು ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಇಬ್ಬರೂ ಸುಮ್ಮನೆ ಚಹಾ ಕುಡಿಯುತ್ತಾರೆ, ನಾನು ಹೊರಗಿದ್ದೆ.)

ತಂಗಿ ಹಿಂದೆ ಕೂತಳು. ಕನ್ನಡಿಯನ್ನು ಈ ಕಡೆ ತಿರುಗಿಸಿಕೊಂಡಳು. "ಬಣ್ಣಕ್ಕೆ ನೀನು ಬೇಡ, ಕನ್ನಡಿ ಸಾಕು. ಬಣ್ಣಕ್ಕೇನು ಎಡ ಬಲ ಇದೆಯಾ?" ಕೆಂಪಿನ ಗುಂಡಿಯನ್ನು ಮೆಲ್ಲಗೆ ತಿರುಗಿಸಿದಳು. ಸೂರ್ಯ ಹಳದಿಯಾದನಂತೆ. ಅಣ್ಣ ನಂಬಿದ.

"ಈಗ ಗೆರೆ. ಅದು ಕನ್ನಡೀಲಿ ಕಾಣಲ್ಲ, ಹತ್ತಿರದಿಂದ್ಲೇ ನೋಡ್ಬೇಕು. ಮುಂದೆ ಹೋಗು."

ಅವಳು ಪರೀಕ್ಷೆಯ ಚಿತ್ರ ಹಾಕಿದಳು, ಪರದೆಯ ತುಂಬ ಚೌಕಳಿ ಗೆರೆಗಳು ಮೂಡಿದವು. ಟ್ಯೂಬಿನ ಕತ್ತಿನಲ್ಲಿರುವ ಅಯಸ್ಕಾಂತದ ಬಳೆಗಳನ್ನು ತಿರುಗಿಸಿದರೆ, ಬೇರೆ ಬೇರೆ ಬಣ್ಣದ ಗೆರೆಗಳು ಸರಿದು ಒಂದರ ಮೇಲೊಂದು ಕೂರಬೇಕು. ಅಣ್ಣ ಜೀವನದಲ್ಲಿ ಮೊದಲ ಬಾರಿಗೆ ಮುಂದೆ ಬಂದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಏನಂತ ಹೇಳ್ಲಿ?"

"ಬಣ್ಣ ಹೇಳ್ಬೇಡ. ಎಷ್ಟು ಗೆರೆ ಕಾಣುತ್ತೆ, ಅದನ್ನ ಹೇಳು."

"ಎರಡು. ನೀನು ಒಂದು ಕೈ ಬೆನ್ನ ಹಿಂದೆ ಇಟ್ಕೋ. ಎರಡೂ ಕೈ ಹಾಕಿದ್ರೆ ಶಾಕ್ ಎದೆಗೆ ಹೋಗುತ್ತೆ."

"ಇಟ್ಕೊಂಡೇ ಇದೀನಿ. ಈಗ?"

"ಹತ್ತಿರ ಬಂತು. ಇನ್ನೂ. ದಾಟಿಹೋಯ್ತು, ವಾಪಸ್ ಬಾ."

ಅವಳ ಕೈ ನಿಧಾನವಾಗಿ ವಾಪಸ್ಸು ಬಂತು. ಅಣ್ಣ ಬಗ್ಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದ. ಪೆಟ್ಟಿಗೆಯ ಒಡತಿ ಬರಲು ಇನ್ನೂ ಹೊತ್ತಿತ್ತು. ಕನ್ನಡಕದ ಅಂಗಡಿಯ ಊಟದ ಬಿಡುವು ಎಂದೋ ಮುಗಿದಿತ್ತು. ಅವಳು ನಾಳೆ ಎಲ್ಲಿಗೆ ಕೆಲಸಕ್ಕೆ ಹೋಗುತ್ತಾಳೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟು ಮುಗಿಸುವುದು ಲೇಖಕನಾದ ನನ್ನ ಕರ್ತವ್ಯ, ಮತ್ತು ನನ್ನ ಪ್ರಕಾರ ಅವಳು—

"ಸ್ವಲ್ಪ ಸುಮ್ಮನಿರ್ತೀರಾ?" ಎಂದಳು ತಂಗಿ ಹಿಂದಿನಿಂದ. "ಅಣ್ಣ ಏನಂತಿದಾನೆ ಅಂತ ಕೇಳಿಸ್ತಾ ಇಲ್ಲ."