ಬೀಕರಿಗೆ ತೊಡಿಸಿದ ಕೂದಲು

ನನ್ನ ಡಾಕ್ಟರೇಟು ಒಂದು ಬೀಕರಿನ ಮೇಲೆ ನಿಂತಿತ್ತು. ಸೋಮವಾರ ಪ್ರಬಂಧ ಒಪ್ಪಿಸಬೇಕು. ಅಲ್ಲಿಯವರೆಗೆ ಆ ಬೀಕರಿನ ನೀರು ಕೆಂಪಗಾಗಬಾರದಿತ್ತು, ಆಯಿತು.

ಕೆಲಸ ಇಷ್ಟೇ: ಗ್ರಾಫೀನ್ ಎಂಬ ಇಂಗಾಲದ ತೆಳು ಹಾಳೆಗೆ ಕ್ಯಾನ್ಸರಿನ ಕೆಂಪು ಮದ್ದು ಅಂಟಿಸಿ, ಮೇಲೆ ಕೈಟೋಸಾನ್ ಹೊದಿಸುವುದು. ಅದು ಸಿಗಡಿ ಸಿಪ್ಪೆಯಿಂದ ತೆಗೆದ, ಸಕ್ಕರೆಯ ಸರಪಳಿಯಂಥ ವಸ್ತು. ಕಣ್ಣಿಗೆ ಕಾಣದ ಈ ಪೊಟ್ಟಣ ರಕ್ತದಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಹುಳಿಯಾದ ಕ್ಯಾನ್ಸರ್ ಗಡ್ಡೆಯೊಳಗೆ ಹೋದ ಮೇಲೆ ಬಾಯಿಬಿಟ್ಟು ಮದ್ದು ಸುರಿಸಬೇಕು. ರಕ್ತದ ಬದಲಿಗೆ ಒಂದು ಬೀಕರು, ಗಡ್ಡೆಯ ಬದಲಿಗೆ ಇನ್ನೊಂದು. ನನ್ನ ಪೊಟ್ಟಣ ಎರಡರಲ್ಲೂ ಬಾಯಿಬಿಟ್ಟಿತು. ರಕ್ತದ ಬೀಕರಿನಲ್ಲೇ ನೂರಕ್ಕೆ ಮೂವತ್ತು ಪಾಲು ಸೋರಿತ್ತು.

ಗೈಡು ಗ್ರಾಫ್ ನೋಡಿ ಕನ್ನಡಕ ಒರೆಸಿಕೊಂಡರು. "ಮೂವತ್ತಾ? ಮೂರು ಇರ್ಬೇಕಮ್ಮ. ಯಂತ್ರದ ತಪ್ಪು. ಊಟ ಮಾಡ್ಕೊಂಡು ಬರ್ತೀನಿ, ಅಷ್ಟರಲ್ಲಿ ಸರಿ ಮಾಡಿಡು."

ನನಗೂ ಆಸೆಯಿತ್ತು, ಸುಳ್ಳೇಕೆ. ಒಂದು ಸೊನ್ನೆ ಅಳಿಸಿದರೆ ಯಾರ ಗಂಟು ಹೋಗುತ್ತದೆ?

ನಮ್ಮ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು ನನ್ನ ಚಿಕ್ಕಮ್ಮ. ನನಗಿಂತ ಹತ್ತು ವರ್ಷ ಮೊದಲೇ ಇಲ್ಲಿಗೆ ಬಂದವಳೆಂಬ ಜಂಬ ಬೇರೆ. ಎದೆಯ ಕ್ಯಾನ್ಸರಿಗೆ ಇದೇ ಮದ್ದು ಹಾಕಿಸಿಕೊಂಡು, ಹೋದ ತಿಂಗಳಿನಿಂದ ವಿಗ್ ತೊಟ್ಟು ಕೆಲಸಕ್ಕೆ ಬರುತ್ತಿದ್ದಳು. ಸಿಂಕಿನ ಬಳಿಯಿಂದ ಗೈಡಿನ ಮಾತು ಕೇಳಿಸಿಕೊಂಡಿದ್ದವಳು ಬಂದು ಬೀಕರನ್ನು ಬೆಳಕಿಗೆ ಹಿಡಿದಳು.

"ಇದು ಯಾವ್ದೇ?"

"ರಕ್ತದ್ದು. ಅದ್ರಲ್ಲಿ ಸೋರಬಾರ್ದಿತ್ತು ಚಿಕ್ಕಮ್ಮ."

"ಸೋರಿದ್ರೆ?"

"ಮದ್ದು ಗಡ್ಡೆಗೆ ಹೋಗೋದು ಬಿಟ್ಟು ಸಿಕ್ಕಸಿಕ್ಕ ಕಡೆ ಹೋಗುತ್ತೆ. ಹೃದಯಕ್ಕೆ, ಕೂದಲಿಗೆ..." ಎಂದು ನಾಲಗೆ ಕಚ್ಚಿಕೊಂಡೆ.

"ಓಹೋ, ನನ್ನ ಜಡೆ ಕದ್ದ ಕಳ್ಳ ಇವನೇನಾ!" ಸರಕ್ಕನೆ ವಿಗ್ ಕಿತ್ತು ಬೀಕರಿಗೆ ತೊಡಿಸಿ, ಬೈತಲೆ ಸರಿಮಾಡಿದಳು. "ಈಗ ಮೂರು ಅಂತ ಬರಿ. ಇವನಿಗೆ ಕೂದ್ಲು ಬಂದಿದೆ, ಯಾರಿಗೂ ಗೊತ್ತಾಗಲ್ಲ."

ನಕ್ಕೆ. ಆಮೇಲೆ ಅವಳ ಬೋಳುತಲೆ ನೋಡಿದೆ. ನನ್ನ ಬಗ್ಗೆ ನನಗೇ ನಾಚಿಕೆಯಾಯಿತು.

ಗೈಡು ಬಂದವರೇ ಬಾಗಿಲಲ್ಲಿ ನಿಂತರು. "ಏನಮ್ಮಾ ಇದು ಅವತಾರ?"

"ಯಂತ್ರ ಸರಿಯಾಗೇ ಇದೆ ಸರ್. ಮೂವತ್ತು ಅಂತಾನೇ ಬರೀತೀನಿ."

ಅವರು ಬೀಕರನ್ನು ನೋಡಿದರು, ಚಿಕ್ಕಮ್ಮನ ತಲೆಯನ್ನು ನೋಡಿದರು. "ಹಾಗಾದ್ರೆ ಇನ್ನೊಂದು ವರ್ಷ ಇಲ್ಲೇ ಕೊಳಿ," ಎಂದು ಹೊರಟುಹೋದರು.

ಚಿಕ್ಕಮ್ಮ ವಿಗ್ ಕೊಡವಿ ತಲೆಗೇರಿಸಿಕೊಂಡಳು. "ಪಂದ್ಯ ಕಟ್ತೀಯೇನೇ? ನನ್ನ ಕೂದ್ಲು ಮೊದ್ಲು ಬರುತ್ತೋ, ನಿನ್ನ ಡಾಕ್ಟರೇಟೋ?"

ಈಗ ಅವಳ ಕೂದಲು ಕಿವಿ ಮುಟ್ಟಿದೆ. ನಾನಿನ್ನೂ ಕೈಟೋಸಾನಿನ ಎರಡನೆಯ ಪದರ ಹೊದಿಸುತ್ತಿದ್ದೇನೆ. ನಿನ್ನೆ ರಕ್ತದ ಬೀಕರಿನಲ್ಲಿ ಹನ್ನೊಂದು ಬಂತು. ಹನ್ನೊಂದು ಎಂದೇ ಬರೆದೆ.