ತಿರುಗದ ಚೆಂಡು

ಮೂರನೆಯ ಚೆಂಡೂ ನೇರವಾಗಿ ಬಂದು ಗ್ಲೌಸಿನೊಳಗೆ ಕೂತಾಗ ಕೆಂಪರಾಜು ಗ್ಲೌಸು ಬಿಡಿಸಿ ಅದನ್ನೇ ನೋಡಿದ. ಮಗನ ಚೆಂಡು ಅವನ ಕೈಗೆ ಹೀಗೆ ಸಲೀಸಾಗಿ ಸಿಕ್ಕಿದ್ದೇ ಇಲ್ಲ.

"ಹೆಂಗಿದೆ ಅಪ್ಪಾ? ತಿರುಗ್ತಾ ಇದ್ಯಾ?" ಆಚೆ ತುದಿಯಿಂದ ಮಧುಕರ್ ಕೂಗಿದ.

"ಎಲ್ಲಿ ತಿರುಗ್ತದೆ? ಕುಣೀತದೆ ಕಣ್ಲಾ! ಆಕು ಇನ್ನೊಂದ."

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಪ್ಲೆಸೆಂಟನ್‌ನಲ್ಲಿ ಅವರ ಮನೆಯ ಹಿಂದಿನ ಪಾರ್ಕಿನಲ್ಲಿ ಶುಕ್ರವಾರದ ಸಂಜೆ ಬಿಸಿಲು ಓರೆಯಾಗಿತ್ತು. ಒಣಹುಲ್ಲಿನ ಗುಡ್ಡಗಳು ಹುರಿಗಡಲೆಯ ಬಣ್ಣಕ್ಕೆ ತಿರುಗಿದ್ದವು. ಬೋರಲು ಹಾಕಿದ ಪೇಂಟಿನ ಬಕೆಟ್ಟಿನ ಮೇಲೆ ಕೆಂಪರಾಜು ಕೂತಿದ್ದ. ಕಾಲಿಗೆ ಕ್ರಿಕೆಟ್ ಪ್ಯಾಡು, ಕೈಗೆ ಹಳದಿ ಬಣ್ಣದ ವಿಕೆಟ್ ಕೀಪಿಂಗ್ ಗ್ಲೌಸು. ಮಗ ಹೈಸ್ಕೂಲಿನ ಬೇಸ್‌ಬಾಲ್ ಟೀಮಿಗೆ ಸೇರಿದಾಗ, ಯಾವ ಆಟವಾದರೂ ಚೆಂಡು ಹಿಡಿಯುವವನು ಹಾಕುವುದು ಇದನ್ನೇ ಎಂದುಕೊಂಡು, ಮದ್ದೂರಿನ ಮೈದಾನದಲ್ಲಿ ಕೀಪರ್ ಆಗಿದ್ದ ಗತ್ತಿನಲ್ಲಿ ತಂದಿದ್ದ. ಹುಡುಗರು ಬಿದ್ದು ಬಿದ್ದು ನಕ್ಕಿದ್ದರು. ನಗು ನಿಂತಿತು, ಗ್ಲೌಸು ಉಳಿಯಿತು.

ಮಧುಕರ್ ಎಸೆಯುತ್ತಿದ್ದುದು ನಕಲ್‌ಬಾಲು, ವೇಗವಿಲ್ಲದವನ ವಿದ್ಯೆ. ಎರಡು ಬೆರಳುಗಳ ಉಗುರನ್ನು ಚೆಂಡಿನ ಚರ್ಮಕ್ಕೆ ಊರಿ, ಅದು ತಿರುಗದ ಹಾಗೆ ತಳ್ಳಬೇಕು. ತಿರುಗದ ಚೆಂಡು ಕುಡಿದವನ ಹಾಗೆ ಗಾಳಿಯಲ್ಲಿ ತೂರಾಡುತ್ತದೆ. ಎಲ್ಲಿಗೆ ಹೋದೀತೆಂದು ಎಸೆದವನಿಗೂ ಗೊತ್ತಿರುವುದಿಲ್ಲ. ತಿರುಗಿತೋ, ಅದು ಬರೀ ನಿಧಾನದ ಚೆಂಡು. ಯಾರು ಬೇಕಾದರೂ ಬೇಲಿಯಾಚೆಗೆ ಬಾರಿಸಬಹುದು.

ಆ ಎರಡು ಉಗುರುಗಳನ್ನು ನೆಚ್ಚಿಕೊಂಡು ಮಧುಕರ್ ಪ್ರಾಯವನ್ನೆಲ್ಲ ಸಣ್ಣ ಸಣ್ಣ ಟೀಮುಗಳಲ್ಲಿ ಕಳೆದ. ಒಂದು ವರ್ಷ ಟೆಕ್ಸಾಸು, ಮರುವರ್ಷ ಅಯೋವಾ, ಆಮೇಲೆ ಕೆಂಪರಾಜು ಹೆಸರೇ ಕೇಳದ ಇನ್ಯಾವುದೋ ಊರು. ದೊಡ್ಡ ಲೀಗಿನ ಕರೆ ಬಂದದ್ದು ಒಂದೇ ಬೇಸಿಗೆ, ಒಂದೇ ವಾರ. ಆ ವಾರದ ಆಟ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ನೀರಿನ ಪಕ್ಕದ ಸ್ಟೇಡಿಯಮ್ಮಿನಲ್ಲಿ. ಹೆಂಡತಿ ಸಣ್ಣತಾಯಮ್ಮ ಬ್ಯಾಗಿನಲ್ಲಿ ಚಿತ್ರಾನ್ನ ತಂದಿದ್ದಳು. ಮಗನ ಚೆಂಡು ದೊಡ್ಡ ಲೀಗಿನ ಕ್ಯಾಚರನ ಕೈಯಿಂದಲೂ ಜಾರಿ ಓಡಿದಾಗ ಸುತ್ತಲಿನವರು ಹೋ ಎಂದು ಕೂಗಿದರು. ಕೆಂಪರಾಜು ಒಬ್ಬನೇ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದ. "ನೋಡಮ್ಮೀ, ಅವನ ಕೈಗೂ ಸಿಗ್ನಿಲ್ಲ!"

ಈಗ ಮಗನಿಗೆ ನಲವತ್ತು. ಸೋಮವಾರ ಅರಿಜೋನಾದಲ್ಲಿ ಒಂದು ಟೀಮು ಪರೀಕ್ಷೆಗೆ ಕರೆದಿತ್ತು. ಲಿವರ್‌ಮೋರಿನ ಶಾಲೆಯೊಂದು ಕೋಚ್ ಆಗಿ ಬಾ ಎಂದಿತ್ತು. ನಾಳೆಯೊಳಗೆ ಉತ್ತರ ಕೊಡಬೇಕು. "ನೀನೇ ಡಿಸೈಡ್ ಮಾಡಪ್ಪಾ," ಎಂದಿದ್ದ ಮಧುಕರ್. "ನಿನ್ ಕೈಗೆ ಸಿಗ್ಲಿಲ್ಲ ಅಂದ್ರೆ ಅರಿಜೋನಾಗೆ ಹೋಗ್ತೀನಿ."

ಹೊರಡುವ ಮೊದಲು ಗರಾಜಿನಲ್ಲಿ ಅಮ್ಮ ಮಗನ ಎಂದಿನ ಜಗಳವೂ ಆಗಿತ್ತು.

"ಶುಕ್ರವಾರ ಉಗುರು ಮುಟ್ಟಬ್ಯಾಡ ಅಂತ ಎಷ್ಟ್ ಸಲ ಬಡ್ಕಳ್ಳಿ? ಈ ಮನೇಲಿ ಲಕ್ಷ್ಮಿ ನಿಲ್ತಾಳೇನ್ಲಾ?"

"ಕಟ್ ಮಾಡ್ತಿಲ್ಲಮ್ಮ, ಫೈಲ್ ಮಾಡ್ತಿದೀನಿ. ಅದು ಬೇರೆ ಡಿಪಾರ್ಟ್‌ಮೆಂಟು."

ಇನ್ನೊಂದು ಚೆಂಡು ಬಂತು. ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಕೆಂಪರಾಜುವಿಗೆ ಅದರ ಕೆಂಪು ಹೊಲಿಗೆ ಸ್ಪಷ್ಟವಾಗಿ ಕಂಡಿತು. ಹೊಲಿಗೆ ಸೋಮಾರಿ ರಾಟೆಯ ಹಾಗೆ ಸುತ್ತುತ್ತಿತ್ತು. ಕಾಣದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅದೂ ಗ್ಲೌಸಿಗೆ ಬಂದು ಬಿತ್ತು.

ಮುಂದಿನದು ಬಂದಾಗ ಅವನು ಅಂಗೈ ಸಡಿಲ ಬಿಟ್ಟ. ಚೆಂಡು ಬೆರಳಿಗೆ ತಾಗಿ ಬೇಲಿಯತ್ತ ಉರುಳಿತು.

"ಮಿಸ್ಸಾಯ್ತು," ಎಂದ.

ಮಧುಕರ್ ಮತ್ತೆ ಎಸೆಯಲಿಲ್ಲ. ನಡೆದು ಬಂದು, ಚೆಂಡನ್ನು ಹೆಕ್ಕಿಕೊಂಡು, ಅಪ್ಪನ ಮುಂದೆ ನಿಂತ.

"ಯಾಕಪ್ಪಾ ಬೈಲಿಲ್ಲ?"

"ಏನ?"

"ಮಿಸ್ಸಾದ್ರೆ ಚೆಂಡಿಗೆ ಬೈತಿದ್ದೆ. ಅದರ ಅಮ್ಮ, ಅಜ್ಜಿ, ಯಾರನ್ನೂ ಬಿಡ್ತಿರ್ಲಿಲ್ಲ. ನಾನು ಕನ್ನಡ ಕಲ್ತಿದ್ದೇ ಅದ್ರಿಂದ."

ಕೆಂಪರಾಜು ಬೈಗುಳವೊಂದಕ್ಕೆ ತಡಕಾಡಿದ. ಹಿಂದೆಲ್ಲ ತಾನಾಗಿ ಉದುರುತ್ತಿದ್ದ ಬೈಗುಳಗಳಲ್ಲಿ ಒಂದೂ ನೆನಪಾಗಲಿಲ್ಲ. ಮೊಣಕಾಲಿನ ಕೆಳಗೆ, ಮಗನ ಚೆಂಡಿನ ಹಳೆಯ ಪೆಟ್ಟು ಗಂಟಾಗಿ ಉಳಿದಿದ್ದ ಜಾಗವನ್ನು ಪ್ಯಾಡಿನ ಮೇಲಿಂದಲೇ ಸವರಿಕೊಂಡ. ಮಗ ಕುಕ್ಕರಗಾಲಲ್ಲಿ ಕೂತು ಅವನ ಪ್ಯಾಡಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ.

"ಗಾಳಿ ಸರೀಗಿರ್ನಿಲ್ಲ ಕಣ್ಲಾ ಇವತ್ತು."

"ಹೂಂ ಅಪ್ಪ," ಎಂದ ಮಧುಕರ್. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಧುಕರ್ ಒಳಗಿನಿಂದ ನೇಲ್‌ಕಟರ್ ತಂದು ಹಿತ್ತಲ ಮೆಟ್ಟಿಲ ಮೇಲೆ ಕೂತ. ಗ್ಲೌಸನ್ನು ಎಲ್ಲಿಡಬೇಕೆಂದು ತೋಚದೆ ಕೆಂಪರಾಜು ಬಾಗಿಲಲ್ಲೇ ನಿಂತ. ಈಗ ಹೆಂಡತಿಯ ಕೂಗಾಟ ಶುರುವಾಗುತ್ತದೆ ಎಂದುಕೊಂಡ. ಶುಕ್ರವಾರ, ಅದೂ ಮುಸ್ಸಂಜೆ.

ಸಣ್ಣತಾಯಮ್ಮ ಬೆಂಕಿಪೊಟ್ಟಣ ಹಿಡಿದು ದೇವರ ಗೂಡಿನ ಮುಂದಿನಿಂದ ಬಂದಳು. ಮಗನ ಕೈಯನ್ನು ನೋಡಿದಳು. ಗಂಡನ ಮುಖವನ್ನು ನೋಡಿದಳು. ಒಳಗೆ ಹೋಗಿ ಗ್ರೋಸರಿ ಅಂಗಡಿಯ ಹಳೆಯ ಜಾಹೀರಾತಿನ ಹಾಳೆಯೊಂದನ್ನು ತಂದು ಮಗನ ಕಾಲ ಬಳಿ ಹಾಸಿದಳು.

ಕಟ್ ಎಂದು ಒಂದು ಉಗುರು ಹಾಳೆಯ ಮೇಲೆ ಬಿತ್ತು.

ದೀಪ ಹಚ್ಚಿದ ಮೇಲೆ ಈ ಮನೆಯಲ್ಲಿ ಯಾರೂ ಉಗುರು ಮುಟ್ಟುವಂತಿರಲಿಲ್ಲ. ಒಳಗೆ ಎಣ್ಣೆ ತುಂಬಿದ ದೀಪದ ಮುಂದೆ, ಕಡ್ಡಿ ಗೀರದೆ, ಅವಳು ಎರಡನೆಯ ಉಗುರಿನ ಸದ್ದಿಗಾಗಿ ಕಾಯುತ್ತ ನಿಂತಿದ್ದಳು.